ಎಡಿಎಚ್‌ಡಿ ಜೊತೆ ಬದುಕುವವರಿಗೆ ಯಾವ ಪುಸ್ತಕ, ಯಾವ ಜಾಲತಾಣ: ಆಯ್ಕೆಗೊಂದು ಹೋಲಿಕೆ

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ಮುಖ್ಯ ಲಕ್ಷಣಗಳಾಗಿರುವ ಸ್ಥಿತಿ) ಇದೆ ಎಂದು ಖಚಿತವಾದ ಮೇಲೆ, ಅದು ನಮಗಿರಲಿ ಮನೆಯ ಮಗುವಿಗಿರಲಿ, ಬಹುತೇಕರು ಮೊದಲು ತೊಡಗುವುದು ಅಂತರ್ಜಾಲದ ಹುಡುಕಾಟಕ್ಕೆ. ಒಂದೆರಡು ಗಂಟೆಯೊಳಗೆ ನಾಲ್ಕೈದು ಪುಸ್ತಕಗಳು ಆರ್ಡರ್ ಆಗಿರುತ್ತವೆ, ಆಮೇಲೆ ನೋಡೋಣವೆಂದು ಉಳಿಸಿಟ್ಟ ವಿಡಿಯೊಗಳು ಹತ್ತಾರು ಸೇರಿರುತ್ತವೆ, ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ತೆರೆಯುವುದೇ ಇಲ್ಲ. ಆರಿಸುವುದು, ಆರಂಭಿಸುವುದು, ಆರಂಭಿಸಿದ್ದನ್ನು ಮುಗಿಸುವುದು ಈ ಮೂರೂ ಎಡಿಎಚ್‌ಡಿ ಇರುವವರಿಗೆ ಕಷ್ಟವಾಗುವ ಕೆಲಸಗಳೇ ಆಗಿರುವಾಗ, ಉದ್ದನೆಯ ಶಿಫಾರಸು ಪಟ್ಟಿ ಅವರಿಗೆ ನೆರವಾಗುವುದಕ್ಕಿಂತ ಹೊರೆಯಾಗುವುದೇ ಹೆಚ್ಚು. ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ ಯಾವುದು ಎಂಬ ಪ್ರಶ್ನೆಯನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಈಗ, ಈ ತಿಂಗಳು, ನಿಮಗೆ ಬೇಕಿರುವುದು ಏನು ಎಂಬುದರ ಮೇಲೆ ಆಯ್ಕೆ ನಿಂತಿದೆ: ಈ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಬೇಕೇ, ದಿನದ ಕೆಲಸಗಳನ್ನು ನಡೆಸಲು ಉಪಾಯ ಬೇಕೇ, ಮಗುವನ್ನು ಬೆಳೆಸಲು ದಾರಿ ಬೇಕೇ, ಇಲ್ಲವೇ ನಮ್ಮಂಥವರು ಬೇರೆಯವರೂ ಇದ್ದಾರೆಂಬ ಸಮಾಧಾನ ಬೇಕೇ? ಈ ನಾಲ್ಕನ್ನೂ ಒಂದೇ ಪುಸ್ತಕ ಕೊಡಲಾರದು.

ಅರ್ಥ ಮಾಡಿಕೊಳ್ಳಲು

ಈ ವಿಷಯದ ಜನಪ್ರಿಯ ಓದಿನಲ್ಲಿ ಬಹುಕಾಲದಿಂದ ಮುಂದಿರುವುದು ಎಡ್ವರ್ಡ್ ಹ್ಯಾಲೊವೆಲ್ ಮತ್ತು ಜಾನ್ ರೇಟಿ ಬರೆದ ‘ಡ್ರಿವನ್ ಟು ಡಿಸ್ಟ್ರಾಕ್ಷನ್’. ಇಬ್ಬರೂ ಅಮೆರಿಕದ ಮನೋವೈದ್ಯರು, ಇಬ್ಬರಿಗೂ ಸ್ವತಃ ಎಡಿಎಚ್‌ಡಿ ಇದೆ. 1994ರಲ್ಲಿ ಬಂದ ಈ ಪುಸ್ತಕ ರೋಗಿಗಳ ಬದುಕಿನ ಕಥೆಗಳ ಮೂಲಕ ಸಾಗುತ್ತದೆ. ವಯಸ್ಕರಿಗೂ ಈ ತೊಂದರೆ ಇರುತ್ತದೆ ಎಂಬುದನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ ಪುಸ್ತಕಗಳಲ್ಲಿ ಇದು ಪ್ರಮುಖವಾದದ್ದು. ಮೂವತ್ತೈದು ನಲವತ್ತರ ವಯಸ್ಸಿನಲ್ಲಿ ತಮಗಿರುವುದು ಏನೆಂದು ತಿಳಿದುಕೊಂಡವರು ಈ ಕಥೆಗಳಲ್ಲಿ ತಮ್ಮ ಶಾಲಾದಿನಗಳನ್ನೇ ಗುರುತಿಸುತ್ತಾರೆ. ಆದರೆ ಪುಸ್ತಕ ದಪ್ಪವಾಗಿದೆ, ಕೆಲವು ಭಾಗ ಹಳತಾಗಿದೆ. ಇದೇ ಲೇಖಕರು 2021ರಲ್ಲಿ ತಂದ ‘ಎಡಿಎಚ್‌ಡಿ 2.0’ ಇನ್ನೂರು ಪುಟದ ಆಸುಪಾಸಿನದು, ಅಧ್ಯಾಯಗಳು ಚಿಕ್ಕವು, ಧಾಟಿ ಉತ್ಸಾಹದ್ದು. ಪುಸ್ತಕ ಮುಗಿಸುವುದೇ ಕಷ್ಟವೆನ್ನುವವರು ಇದರಿಂದ ಆರಂಭಿಸಬಹುದು. ಅದರಲ್ಲಿ ದೇಹದ ಸಮತೋಲನದ ವ್ಯಾಯಾಮಗಳಿಂದ ಗಮನಶಕ್ತಿ ಸುಧಾರಿಸುವ ಬಗ್ಗೆ ಲೇಖಕರು ತೋರಿಸುವ ಭರವಸೆಗೆ ತಕ್ಕಷ್ಟು ಸಂಶೋಧನೆಯ ಆಧಾರವಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಇವರಿಗೆ ಎದುರಾಗಿ ಇಡಬೇಕಾದ ಲೇಖಕ ರಸೆಲ್ ಬಾರ್ಕ್ಲಿ. ಹ್ಯಾಲೊವೆಲ್ ಎಡಿಎಚ್‌ಡಿಯಲ್ಲಿರುವ ಸಾಮರ್ಥ್ಯಗಳನ್ನು ಎತ್ತಿ ಹೇಳುವವರಾದರೆ, ಮನಶ್ಶಾಸ್ತ್ರಜ್ಞರಾದ ಬಾರ್ಕ್ಲಿ ಅದನ್ನು ತನ್ನನ್ನು ತಾನು ನಿಯಂತ್ರಿಸಿಕೊಳ್ಳುವ ಶಕ್ತಿಯಲ್ಲಿನ ಗಂಭೀರ ಕೊರತೆಯೆಂದೇ ವಿವರಿಸುತ್ತಾರೆ. ಅವರ ‘ಟೇಕಿಂಗ್ ಚಾರ್ಜ್ ಆಫ್ ಅಡಲ್ಟ್ ಎಡಿಎಚ್‌ಡಿ’ ಓದುವಾಗ ಸಾಂತ್ವನ ಕಡಿಮೆ ಸಿಗುತ್ತದೆ, ಸ್ಪಷ್ಟತೆ ಹೆಚ್ಚು ಸಿಗುತ್ತದೆ. ಮಾಡಬೇಕಾದ್ದು ಏನೆಂದು ಗೊತ್ತಿದ್ದರೂ ಗೊತ್ತಿರುವುದನ್ನು ಸರಿಯಾದ ಹೊತ್ತಿಗೆ ಮಾಡಲಾಗದಿರುವುದೇ ಇಲ್ಲಿನ ತೊಡಕು ಎಂಬ ಅವರ ವಿವರಣೆ, ವರ್ಷಗಟ್ಟಲೆ ‘ಬುದ್ಧಿಯಿದೆ, ಆದರೆ ಸೋಮಾರಿ’ ಎನ್ನಿಸಿಕೊಂಡವರಿಗೆ ನೂರು ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರೋಗನಿರ್ಣಯವಾದ ಮೊದಲ ವಾರಗಳಲ್ಲಿ, ಮನಸ್ಸು ಇನ್ನೂ ಅದನ್ನು ಒಪ್ಪಿಕೊಳ್ಳದಿರುವಾಗ, ಹ್ಯಾಲೊವೆಲ್ ಮತ್ತು ರೇಟಿ. ಚಿಕಿತ್ಸೆ, ಔಷಧ, ಉದ್ಯೋಗದ ಬಗ್ಗೆ ನಿರ್ಧಾರ ಮಾಡಬೇಕಾದ ಹೊತ್ತಿನಲ್ಲಿ ಬಾರ್ಕ್ಲಿ. ನನ್ನ ಶಿಫಾರಸು ಇದೇ ಕ್ರಮದಲ್ಲಿದೆ.

ಮೂರನೆಯ ಹೆಸರೊಂದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸ್ನೇಹಿತರು ಕೈಗೆ ಕೊಡುವ ಪುಸ್ತಕ ಹೆಚ್ಚಾಗಿ ಅದೇ ಆಗಿರುತ್ತದೆ. ಕೆನಡಾದ ವೈದ್ಯ ಗಾಬೊರ್ ಮಾಟೆ 1999ರಲ್ಲಿ ಬರೆದ ‘ಸ್ಕ್ಯಾಟರ್ಡ್ ಮೈಂಡ್ಸ್’ ಬಹಳ ಮನಮುಟ್ಟುವ ಬರವಣಿಗೆ. ಅವರಿಗೂ ಎಡಿಎಚ್‌ಡಿ ಇದೆ. ಒಳಗಿನ ಅನುಭವವನ್ನು ಅಷ್ಟು ಆಪ್ತವಾಗಿ ಬರೆದವರು ಕಡಿಮೆ. ಆದರೆ ಶೈಶವದಲ್ಲಿ ಮಗುವಿನ ಸುತ್ತಲಿದ್ದ ಒತ್ತಡ ಮತ್ತು ಬಾಂಧವ್ಯದ ಕೊರತೆಯೇ ಇದರ ಬೆಳವಣಿಗೆಗೆ ಮುಖ್ಯ ಕಾರಣವೆಂಬ ಅವರ ವಾದವನ್ನು ಈ ಕ್ಷೇತ್ರದ ಸಂಶೋಧಕರು ಒಪ್ಪುವುದಿಲ್ಲ. ಬಾರ್ಕ್ಲಿ ಅದನ್ನು ಬಹಿರಂಗವಾಗಿಯೇ ವಿರೋಧಿಸಿದ್ದಾರೆ. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಡಿಎಚ್‌ಡಿಯ ಆನುವಂಶಿಕತೆ ಸುಮಾರು 74 ಶೇಕಡಾ ಎಂದು ಕಂಡುಬಂದಿದೆ. ಅಂದರೆ ಒಬ್ಬರಿಂದ ಒಬ್ಬರಿಗೆ ಕಾಣುವ ವ್ಯತ್ಯಾಸದ ಬಹುಪಾಲು ವಂಶವಾಹಿಗಳಿಗೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ಮಗುವಿಗೆ ಏನಾದರೂ ಬೆರಳು ತಿರುಗುವುದು ತಾಯಿಯ ಕಡೆಗೇ. ಆಗಲೇ ಕುಗ್ಗಿರುವ ತಾಯಿಯೊಬ್ಬಳಿಗೆ ‘ನಿನ್ನ ಒತ್ತಡದಿಂದಲೇ ಹೀಗಾಯಿತು’ ಎಂಬ ಅರ್ಥ ಬರುವ ಪುಸ್ತಕವನ್ನು ಮೊದಲ ಓದಾಗಿ ಕೊಡುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ವಯಸ್ಕರು ಅದನ್ನು ಆತ್ಮಕಥನದಂತೆ ಓದಲಿ, ಕಾರಣಗಳ ವಿವರಣೆಗಾಗಿ ಬೇರೆಡೆ ನೋಡಲಿ.

ಆ ಬೇರೆಡೆ ಎಂದರೆ ಎಲ್ಲಿ ಎಂದು ಕೇಳುವವರಿಗೆ ಉತ್ತರ ಉಚಿತವಾಗಿಯೇ ಸಿಗುತ್ತದೆ. ವಿಶ್ವ ಎಡಿಎಚ್‌ಡಿ ಒಕ್ಕೂಟ 2021ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಸಹಮತದ ಹೇಳಿಕೆಯಲ್ಲಿ 27 ದೇಶಗಳ 80 ತಜ್ಞರು, ಸಾಕಷ್ಟು ಪುರಾವೆ ಇರುವ 208 ತೀರ್ಮಾನಗಳನ್ನು ಒಂದೆಡೆ ಸೇರಿಸಿದ್ದಾರೆ. ಭಾಷೆ ಒಣ ಭಾಷೆ, ಒಂದೇ ಸಲ ಕುಳಿತು ಓದುವಂಥದ್ದಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ‘ಸಕ್ಕರೆ ತಿಂದರೆ ಎಡಿಎಚ್‌ಡಿ ಬರುತ್ತದೆ’ ಎಂಬ ಸಂದೇಶ ಬಂದಾಗ ತೆರೆದು ನೋಡಲು ಅದಕ್ಕಿಂತ ನಂಬಿಕಸ್ಥ ಆಕರ ಇನ್ನೊಂದಿಲ್ಲ.

ದಿನ ನಡೆಸಲು

ಅರ್ಥವಾದ ಮಾತ್ರಕ್ಕೆ ಕರೆಂಟ್ ಬಿಲ್ ಕಟ್ಟಿದಂತಾಗುವುದಿಲ್ಲ. ಇಲ್ಲಿ ಬೇಕಾಗುವುದು ಓದುವ ಪುಸ್ತಕಕ್ಕಿಂತ ಮಾಡುವ ಪುಸ್ತಕ, ಅಂದರೆ ಅಭ್ಯಾಸ ಹೊತ್ತಿಗೆ. ಸ್ಟೀವನ್ ಸಾಫ್ರೆನ್ ಮತ್ತು ಸಂಗಡಿಗರ ‘ಮಾಸ್ಟರಿಂಗ್ ಯುವರ್ ಅಡಲ್ಟ್ ಎಡಿಎಚ್‌ಡಿ’ ಈ ಬಗೆಯದು. ಅದರ ಹಿಂದಿರುವ ಚಿಕಿತ್ಸಾ ಕ್ರಮವನ್ನು, ಔಷಧ ತೆಗೆದುಕೊಳ್ಳುತ್ತಿದ್ದರೂ ತೊಂದರೆ ಉಳಿದಿದ್ದ 86 ವಯಸ್ಕರ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ವಿಶ್ರಾಂತಿ ತಂತ್ರಗಳನ್ನಷ್ಟೇ ಕಲಿತವರಿಗಿಂತ ಈ ಕ್ರಮವನ್ನು ಕಲಿತವರು ಹೆಚ್ಚು ಸುಧಾರಿಸಿದ್ದರು. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಕಾಣುವ ಅನೇಕ ಬಣ್ಣಬಣ್ಣದ ಪ್ಲಾನರ್ ಪುಸ್ತಕಗಳಿಗೆ ಇಂಥ ಪರೀಕ್ಷೆಯ ಹಿನ್ನೆಲೆ ಇರುವುದಿಲ್ಲ.

ಅದರಲ್ಲಿನ ಒಂದು ಅಭ್ಯಾಸವನ್ನು ಹತ್ತಿರದಿಂದ ನೋಡೋಣ. ಬೇಸರದ ಕೆಲಸವೊಂದಕ್ಕೆ ಕುಳಿತಾಗ ಮನಸ್ಸು ಬೇರೆಡೆ ಹೋಗದೆ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಮೊದಲು ಅಳೆದುಕೊಳ್ಳಬೇಕು. ಹನ್ನೆರಡು ನಿಮಿಷ ಎಂದಿಟ್ಟುಕೊಳ್ಳಿ. ಆಗ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ಕೆಲಸವನ್ನು ಹನ್ನೆರಡು ನಿಮಿಷಕ್ಕೆ ಹಿಡಿಸುವ ತುಂಡುಗಳಾಗಿ ಮಾಡಬೇಕು: ಮೊದಲ ತುಂಡಿನಲ್ಲಿ ಫಾರ್ಮ್ 16 ಹುಡುಕಿ ತೆಗೆಯುವುದು ಮಾತ್ರ, ಎರಡನೆಯದರಲ್ಲಿ ಬ್ಯಾಂಕಿನ ಬಡ್ಡಿಯ ವಿವರ ಇಳಿಸಿಕೊಳ್ಳುವುದು ಮಾತ್ರ. ಟೈಮರ್ ಓಡುತ್ತಿರುವಾಗ ‘ಗ್ಯಾಸ್ ಬುಕ್ ಮಾಡಿಲ್ಲ’, ‘ಚಿಕ್ಕಮ್ಮನಿಗೆ ಫೋನ್ ಮಾಡಬೇಕಿತ್ತು’ ಎಂಬ ಯೋಚನೆಗಳು ಬಂದೇ ಬರುತ್ತವೆ. ಎದ್ದು ಹೋಗದೆ, ಮೊಬೈಲ್ ಕೈಗೆತ್ತಿಕೊಳ್ಳದೆ, ಪಕ್ಕದಲ್ಲಿಟ್ಟುಕೊಂಡ ಹಾಳೆಯಲ್ಲಿ ಅದನ್ನು ಬರೆದು ಮತ್ತೆ ಕೆಲಸಕ್ಕೆ ಮರಳಬೇಕು. ಟೈಮರ್ ಹೊಡೆದುಕೊಂಡ ಮೇಲೆ ಆ ಹಾಳೆಯನ್ನು ನೋಡಿದರೆ, ಆ ಕ್ಷಣ ತೀರಾ ತುರ್ತೆನಿಸಿದ್ದವುಗಳಲ್ಲಿ ಹೆಚ್ಚಿನವು ಸಂಜೆಯವರೆಗೆ ಕಾಯಬಲ್ಲವು ಎಂಬುದು ಗೊತ್ತಾಗುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಪುಸ್ತಕ ಬೇಕೇ ಎನ್ನಿಸಬಹುದು. ಆದರೆ ಸಣ್ಣದಾಗಿರುವುದೇ ಇದರ ಬಲ. ಒಂದು ವಾರ ಇದೊಂದನ್ನೇ ಮಾಡಿ ನೋಡಿ, ನಂತರವೇ ಮುಂದಿನ ಅಧ್ಯಾಯಕ್ಕೆ ಹೋಗಿ.

ಒಬ್ಬರೇ ಕುಳಿತರೆ ಕೆಲಸ ಸಾಗದು, ಯಾರಾದರೂ ಪಕ್ಕದಲ್ಲಿದ್ದರೆ ಸಾಗುತ್ತದೆ ಎನ್ನುವವರಿಗೆ ಯಾವ ಪುಸ್ತಕಕ್ಕಿಂತಲೂ ಫೋಕಸ್‌ಮೇಟ್‌ನಂಥ ತಾಣ ಹೆಚ್ಚು ಕೆಲಸಕ್ಕೆ ಬರಬಹುದು. ಅಲ್ಲಿ ನಿಗದಿತ ಹೊತ್ತಿಗೆ ಅಪರಿಚಿತರೊಬ್ಬರ ಜೊತೆ ವಿಡಿಯೊದಲ್ಲಿ ಸೇರಿ, ಏನು ಮಾಡುತ್ತೇನೆಂದು ಆರಂಭದಲ್ಲಿ ಹೇಳಿ, ಮೌನವಾಗಿ ಅವರವರ ಕೆಲಸ ಮಾಡಿ, ಕೊನೆಗೆ ಎಷ್ಟಾಯಿತೆಂದು ಹೇಳುತ್ತಾರೆ. ಮನೆಯಲ್ಲಿ ತಂಗಿಯೋ ಗೆಳೆಯನೋ ಪಕ್ಕದಲ್ಲಿ ಕೂರಲು ಒಪ್ಪಿದರೆ ತಾಣದ ಅಗತ್ಯವೂ ಇಲ್ಲ.

ಮಹಿಳೆಯರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಹುಡುಗಿಯರಲ್ಲಿ ಗಮನ ಜಾರುವ ಬಗೆ ಹೆಚ್ಚು, ಓಡಾಟದ ಬಗೆ ಕಡಿಮೆ. ತರಗತಿಗೆ ತೊಂದರೆ ಕೊಡದ ಮಗುವನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ಕೊನೆಗೆ ಮದುವೆ, ಮಗು, ಕೆಲಸ ಎಲ್ಲವೂ ಒಟ್ಟಿಗೆ ಬಿದ್ದಾಗ ಸಮಸ್ಯೆ ಬಯಲಾಗುತ್ತದೆ. ಮನೆಯ ದಿನಸಿಯ ಲೆಕ್ಕ, ಮಕ್ಕಳ ಡೈರಿ, ಹಬ್ಬದ ತಯಾರಿ, ಮಾವನವರ ಮಾತ್ರೆ ಎಲ್ಲವನ್ನೂ ಹೆಣ್ಣೇ ನೆನಪಿಟ್ಟುಕೊಳ್ಳಬೇಕೆಂದು ನಿರೀಕ್ಷಿಸುವ ಸಮಾಜದಲ್ಲಿ ಈ ಮರೆವಿಗೆ ತೆರುವ ಬೆಲೆ ಅವಮಾನ. ಸಾರಿ ಸೋಲ್ಡನ್ 1995ರಲ್ಲೇ ‘ವಿಮೆನ್ ವಿತ್ ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್’ ಪುಸ್ತಕದಲ್ಲಿ ಈ ಅವಮಾನವನ್ನು ಗುರುತಿಸಿ ಬರೆದರು. ಅವರು ಮಿಶೆಲ್ ಫ್ರಾಂಕ್ ಜೊತೆ 2019ರಲ್ಲಿ ತಂದ ‘ಎ ರ‍್ಯಾಡಿಕಲ್ ಗೈಡ್ ಫಾರ್ ವಿಮೆನ್ ವಿತ್ ಎಡಿಎಚ್‌ಡಿ’ ಅಭ್ಯಾಸಗಳ ರೂಪದಲ್ಲಿದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಹೊಸದನ್ನು ಕೊಳ್ಳಿ.

ಮಗುವಿಗಾಗಿ ಓದುವವರು

ತಂದೆತಾಯಿಯರಿಗೆ ನನ್ನ ಮೊದಲ ಆಯ್ಕೆ ಬಾರ್ಕ್ಲಿಯವರ ‘ಟೇಕಿಂಗ್ ಚಾರ್ಜ್ ಆಫ್ ಎಡಿಎಚ್‌ಡಿ’. ಇದರ ನಾಲ್ಕನೆಯ ಆವೃತ್ತಿ 2020ರಲ್ಲಿ ಬಂದಿದೆ. ಹಳೆಯ ಪುಸ್ತಕದಂಗಡಿಯಲ್ಲಿ 1995ರ ಆವೃತ್ತಿ ಅಗ್ಗಕ್ಕೆ ಸಿಕ್ಕರೂ ಬೇಡ. ದಪ್ಪ ಪುಸ್ತಕ ಓದಲು ಪುರುಸೊತ್ತಿಲ್ಲದವರಿಗೆ ಅವರದೇ ‘12 ಪ್ರಿನ್ಸಿಪಲ್ಸ್ ಫಾರ್ ರೇಸಿಂಗ್ ಎ ಚೈಲ್ಡ್ ವಿತ್ ಎಡಿಎಚ್‌ಡಿ’ ಎಂಬ ಚಿಕ್ಕ ಪುಸ್ತಕವಿದೆ. ಸ್ವನಿಯಂತ್ರಣದ ವಿಷಯದಲ್ಲಿ ಈ ಮಕ್ಕಳು ತಮ್ಮ ವಯಸ್ಸಿಗಿಂತ ಸುಮಾರು 30 ಶೇಕಡಾ ಹಿಂದಿರುತ್ತಾರೆಂಬ ಅಂದಾಜಿನ ಸೂತ್ರವೊಂದನ್ನು ಬಾರ್ಕ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಹತ್ತು ವರ್ಷದ ಹುಡುಗನನ್ನು ಹೋಮ್‌ವರ್ಕ್‌ಗೆ ಕೂರಿಸಿ ‘ಎಂಟು ಗಂಟೆಯೊಳಗೆ ಮುಗಿಸು’ ಎಂದು ಅಡುಗೆಮನೆಗೆ ಹೋದರೆ, ಈ ಲೆಕ್ಕದಲ್ಲಿ ನಾವು ಆ ಮಾತನ್ನು ಹೇಳಿದ್ದು ಏಳು ವರ್ಷದ ಮಗುವಿಗೆ. ಏಳು ವರ್ಷದ ಮಗುವಿನ ಪಕ್ಕದಲ್ಲಿ ನಾವು ಕೂರುತ್ತೇವೆ, ಪುಟವನ್ನು ಮೂರು ಭಾಗ ಮಾಡುತ್ತೇವೆ, ಗಡಿಯಾರವನ್ನು ಎದುರಿಗೇ ಇಡುತ್ತೇವೆ, ಒಂದು ಭಾಗ ಮುಗಿದ ಕೂಡಲೇ ಶಹಬ್ಬಾಸ್ ಎನ್ನುತ್ತೇವೆ. ಪುಸ್ತಕ ಹೇಳುವ ಉಪಾಯಗಳಲ್ಲಿ ಬಹಳಷ್ಟು ಇದೇ ಬಗೆಯವು.

ಓದು, ಬರಹ, ಶಾಲಾಚೀಲ, ಸಮಯಪಾಲನೆಯ ಗೊಂದಲ ಮುಖ್ಯವಾಗಿದ್ದರೆ ಪೆಗ್ ಡಾಸನ್ ಮತ್ತು ರಿಚರ್ಡ್ ಗುವಾರ್ ಅವರ ‘ಸ್ಮಾರ್ಟ್ ಬಟ್ ಸ್ಕ್ಯಾಟರ್ಡ್’ ಸೂಕ್ತ. ಸಿಟ್ಟು, ಹಟ, ರಂಪಾಟಗಳೇ ಮನೆಯನ್ನು ಹಣ್ಣು ಮಾಡಿದ್ದರೆ ರಾಸ್ ಗ್ರೀನ್ ಅವರ ‘ದಿ ಎಕ್ಸ್‌ಪ್ಲೋಸಿವ್ ಚೈಲ್ಡ್’ ಓದಿ. ಬಹುಮಾನ ಮತ್ತು ಪರಿಣಾಮಗಳ ಮೂಲಕ ನಡವಳಿಕೆ ತಿದ್ದುವುದು ಬಾರ್ಕ್ಲಿಯ ದಾರಿಯಾದರೆ, ಮಗುವಿಗೆ ಯಾವ ಸಾಮರ್ಥ್ಯ ಕಡಿಮೆಯಿದೆ ಎಂದು ಕಂಡುಕೊಂಡು ಮಗುವಿನ ಜೊತೆಯೇ ಪರಿಹಾರ ಮಾತಾಡಿಕೊಳ್ಳುವುದು ಗ್ರೀನ್ ಅವರ ದಾರಿ. ಎರಡನ್ನೂ ಒಂದೇ ತಿಂಗಳಲ್ಲಿ ಬೆರೆಸಿದರೆ ಮಗುವಿಗೂ ಗೊಂದಲ, ಅಪ್ಪ ಅಮ್ಮನಿಗೂ ಗೊಂದಲ. ಶಾಲೆಗೆ ಸೇರುವ ಮುಂಚಿನ ಪುಟ್ಟ ಮಕ್ಕಳಿಗಂತೂ ಬ್ರಿಟನ್ನಿನ 2018ರ ಮತ್ತು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಗಳೆರಡೂ ಔಷಧಕ್ಕಿಂತ ಮೊದಲು ಪೋಷಕರ ತರಬೇತಿಯನ್ನೇ ಸೂಚಿಸುತ್ತವೆ. ಆ ವಯಸ್ಸಿನ ಮಕ್ಕಳ ಮನೆಯಲ್ಲಿ ಈ ಪುಸ್ತಕಗಳಿಗೆ ಇರುವ ತೂಕ ಇನ್ನೂ ಹೆಚ್ಚು.

ಇಲ್ಲಿಗೆ ಹೊಂದದ ಪುಟಗಳು

ಮೇಲಿನ ಪುಸ್ತಕಗಳೆಲ್ಲ ಉತ್ತರ ಅಮೆರಿಕದಲ್ಲಿ ಬರೆದವು. ಅವುಗಳಲ್ಲಿ ಶಾಲೆಯಿಂದ ಸೌಲಭ್ಯ ಪಡೆಯುವ ಬಗ್ಗೆ ಬರುವ ಕಾನೂನು, ನಮೂನೆ, ಸಭೆಗಳ ವಿವರ ಭಾರತಕ್ಕೆ ಅನ್ವಯಿಸುವುದಿಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಸ್ಥಿತಿಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ಮಗುವಿಗೆ ಕಲಿಕಾ ನ್ಯೂನತೆಯೂ ಜೊತೆಗಿದೆಯೇ ಎಂಬ ಪರೀಕ್ಷೆ ಆದ್ದರಿಂದಲೇ ಮುಖ್ಯವಾಗುತ್ತದೆ. ಶಾಲಾ ಪರೀಕ್ಷೆಗಳಲ್ಲಿನ ರಿಯಾಯಿತಿಗಳ ಬಗ್ಗೆ ಪುಸ್ತಕ ನೋಡದೆ ಆಯಾ ಮಂಡಳಿಯ ಇತ್ತೀಚಿನ ಸುತ್ತೋಲೆಯನ್ನೇ ನೋಡಬೇಕು.

ಔಷಧದ ಅಧ್ಯಾಯಗಳನ್ನೂ ಜಾಗ್ರತೆಯಿಂದ ಓದಬೇಕು. ಅಮೆರಿಕದಲ್ಲಿ ಸಾಮಾನ್ಯವಾದ ಆಂಫೆಟಮಿನ್ ಗುಂಪಿನ ಮಾತ್ರೆಗಳನ್ನು ಇಲ್ಲಿನ ವೈದ್ಯರು ಬರೆಯುವುದಿಲ್ಲ. ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮಿಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಮಿಥೈಲ್‌ಫೆನಿಡೇಟ್ ಬಿಗಿ ನಿಯಂತ್ರಣದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ಗೆ ಸೇರಿದ್ದರಿಂದ ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಒಂದು ಪ್ರತಿಯನ್ನು ಔಷಧದಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಗಳಲ್ಲೂ ಅದು ಸಿಗುವುದಿಲ್ಲ. ಯಾವ ವಿದೇಶಿ ಪುಸ್ತಕವೂ ಹೇಳದ ಈ ಮಾತನ್ನು ವೈದ್ಯರ ಬಳಿಯೇ ಕೇಳಿ, ಯಾವ ಅಂಗಡಿಯಲ್ಲಿ ಸಿಗುತ್ತದೆಂದೂ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಜಾಲತಾಣ, ವಿಡಿಯೊ, ಪರೀಕ್ಷೆಗಳು

1987ರಲ್ಲಿ ಆರಂಭವಾದ ಅಮೆರಿಕದ ಚ್ಯಾಡ್ ಸಂಸ್ಥೆ ಲಾಭದ ಉದ್ದೇಶವಿಲ್ಲದ್ದು, ಅದರ ತಾಣದಲ್ಲಿನ ಮಾಹಿತಿ ಸಂಯಮದ್ದು. ‘ಆ್ಯಡಿಟ್ಯೂಡ್’ ಪತ್ರಿಕೆಯ ತಾಣದಲ್ಲಿ ವಿಷಯ ಬಹಳ ಹೆಚ್ಚು, ತಜ್ಞರ ಉಚಿತ ಉಪನ್ಯಾಸಗಳೂ ಇವೆ. ಆದರೆ ಅದು ಜಾಹೀರಾತಿನಿಂದ ನಡೆಯುವ ಪತ್ರಿಕೆ, ಲೇಖನದ ಪಕ್ಕದಲ್ಲೇ ಮಾರಾಟದ ಮಾತು ಬರುತ್ತದೆ. ನಿರ್ದಿಷ್ಟ ಪ್ರಶ್ನೆಯೊಂದಿದ್ದಾಗ ಚ್ಯಾಡ್, ಉಪಾಯಗಳಿಗಾಗಿ ಆ್ಯಡಿಟ್ಯೂಡ್ ಎಂದು ಇಟ್ಟುಕೊಳ್ಳಬಹುದು.

ಯೂಟ್ಯೂಬಿನಲ್ಲಿ ಜೆಸಿಕಾ ಮೆಕೇಬ್ 2016ರಿಂದ ನಡೆಸುತ್ತಿರುವ ‘ಹೌ ಟು ಎಡಿಎಚ್‌ಡಿ’ ವಾಹಿನಿಯನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಅವರು ಸ್ವತಃ ಎಡಿಎಚ್‌ಡಿ ಇರುವವರು, ವಿಡಿಯೊಗಳು ಚಿಕ್ಕವು, ಸಂಶೋಧನೆ ಏನು ಹೇಳುತ್ತದೆ ಮತ್ತು ತಮ್ಮ ಅನುಭವವೇನು ಎಂಬುದನ್ನು ಬೇರೆಬೇರೆಯಾಗಿ ಹೇಳುವ ಪ್ರಾಮಾಣಿಕತೆ ಅವರಲ್ಲಿದೆ. ಬಾರ್ಕ್ಲಿಯವರಿಗೂ ತಮ್ಮದೇ ವಾಹಿನಿಯಿದೆ. ಹೊಸ ಸಂಶೋಧನೆಗಳ ವಿಮರ್ಶೆ ಬೇಕಾದವರಿಗೆ ಅದು. ಇವೆರಡರ ಹೊರಗಿನ ಚುಟುಕು ವಿಡಿಯೊಗಳ ಬಗ್ಗೆ ಎಚ್ಚರವಿರಲಿ. ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ನೋಡಲಾದ ನೂರು ಎಡಿಎಚ್‌ಡಿ ವಿಡಿಯೊಗಳನ್ನು ಪರಿಶೀಲಿಸಿದ 2022ರ ಕೆನಡಾದ ಅಧ್ಯಯನವೊಂದು ಅವುಗಳಲ್ಲಿ 52 ವಿಡಿಯೊಗಳು ದಾರಿ ತಪ್ಪಿಸುವಂಥವೆಂದು ಕಂಡುಕೊಂಡಿತು. ಟಿಕ್‌ಟಾಕ್ ನಮ್ಮಲ್ಲಿ 2020ರಿಂದ ನಿಷೇಧದಲ್ಲಿದ್ದರೂ ಅದೇ ಧಾಟಿಯ ರೀಲ್ಸ್ ಮತ್ತು ಶಾರ್ಟ್ಸ್ ನಮ್ಮ ಫೋನುಗಳಲ್ಲಿ ದಂಡಿಯಾಗಿವೆ.

ಅಂತರ್ಜಾಲದ ಸ್ವಯಂ ಪರೀಕ್ಷೆಗಳಲ್ಲಿ ಬಳಸಲು ಯೋಗ್ಯವಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರೂಪುಗೊಂಡ ಎಎಸ್‌ಆರ್‌ಎಸ್ ಪ್ರಶ್ನಾವಳಿ. ಒಟ್ಟು 18 ಪ್ರಶ್ನೆಗಳಿದ್ದು, ಮೊದಲ ಆರು ಪ್ರಾಥಮಿಕ ತಪಾಸಣೆಗೆ. ಅದರಲ್ಲಿ ಅಂಕ ಹೆಚ್ಚು ಬಂದರೆ ವೈದ್ಯರನ್ನು ನೋಡಬೇಕೆಂದಷ್ಟೇ ಅರ್ಥ. ಲಕ್ಷಣಗಳು ಹನ್ನೆರಡನೆಯ ವಯಸ್ಸಿನೊಳಗೇ ಇದ್ದವೇ, ಮನೆ ಮತ್ತು ಕಚೇರಿ ಎರಡೂ ಕಡೆ ಕಾಣುತ್ತವೆಯೇ, ಖಿನ್ನತೆ ಆತಂಕ ನಿದ್ರಾಹೀನತೆಗಳಿಂದ ಹೀಗಾಗುತ್ತಿದೆಯೇ ಎಂಬುದನ್ನು ಯಾವ ಪ್ರಶ್ನಾವಳಿಯೂ ತೀರ್ಮಾನಿಸಲಾರದು. ಪರೀಕ್ಷೆ ಮುಗಿದ ಕೂಡಲೇ ಕೋರ್ಸ್ ಕೊಳ್ಳಿ ಎನ್ನುವ ತಾಣವನ್ನು ಅಲ್ಲಿಗೇ ಮುಚ್ಚಿಬಿಡಿ.

ಕನ್ನಡದಲ್ಲಿ ಸಿಗುವುದು

ಇಲ್ಲಿ ಆಯ್ಕೆ ಕಡಿಮೆ, ಇರುವುದರಲ್ಲಿ ಹೆಚ್ಚಿನದು ಮಕ್ಕಳ ಬಗ್ಗೆ. ಬೆಂಗಳೂರಿನ ವೈಟ್ ಸ್ವಾನ್ ಫೌಂಡೇಷನ್ ನಿಮ್ಹಾನ್ಸ್ ಸಹಯೋಗದಲ್ಲಿ ಮಾನಸಿಕ ಆರೋಗ್ಯದ ಲೇಖನಗಳನ್ನು ಕನ್ನಡದಲ್ಲೂ ಪ್ರಕಟಿಸಿದೆ. ಮನೆಯ ಹಿರಿಯರಿಗೆ ಓದಿಸಲು ಅವುಗಳ ಸರಳತೆ ಒಪ್ಪುತ್ತದೆ. ಡಾ. ಸಿ.ಆರ್. ಚಂದ್ರಶೇಖರ್ ಅವರು ದಶಕಗಳಿಂದ ಕನ್ನಡದಲ್ಲಿ ಬರೆದಿರುವ ಮನೋಆರೋಗ್ಯದ ಪುಸ್ತಕಗಳು ಚಿಕ್ಕವು, ಅಗ್ಗದವು, ಜಿಲ್ಲಾ ಗ್ರಂಥಾಲಯಗಳಲ್ಲೂ ಕೈಗೆ ಸಿಗುವಂಥವು. ಮಕ್ಕಳ ಓದು, ನಡವಳಿಕೆ, ಮನಸ್ಸಿನ ತೊಂದರೆಗಳ ಬಗ್ಗೆ ಒಟ್ಟಾರೆ ತಿಳಿವಳಿಕೆ ಪಡೆಯಲು ಅವು ಒಳ್ಳೆಯವು. ವಯಸ್ಕರ ಎಡಿಎಚ್‌ಡಿಯ ವಿವರಕ್ಕೆ ಮಾತ್ರ ಸದ್ಯ ಇಂಗ್ಲಿಷ್ ಪುಸ್ತಕಗಳನ್ನೇ ಆಶ್ರಯಿಸಬೇಕು, ಇದು ನನಗೆ ನೋವಿನ ಸಂಗತಿ. ಇಂಗ್ಲಿಷ್ ಓದಬಲ್ಲ ಒಬ್ಬರು ಮನೆಯಲ್ಲಿದ್ದರೆ, ಇಡೀ ಪುಸ್ತಕದ ಬದಲು ಬಾರ್ಕ್ಲಿಯ ಆ 30 ಶೇಕಡಾದ ಪುಟವೊಂದನ್ನು ಅಜ್ಜಿ ತಾತನಿಗೆ ಕನ್ನಡದಲ್ಲಿ ವಿವರಿಸಿ ಹೇಳಲಿ. ‘ನಾಲ್ಕು ಬಿಟ್ಟರೆ ಸರಿಹೋಗುತ್ತಾನೆ’ ಎಂಬ ಮಾತಿಗೆ ಅದಕ್ಕಿಂತ ಸೌಮ್ಯವಾದ ಉತ್ತರ ಸಿಗುವುದಿಲ್ಲ.

ಪುಸ್ತಕ ಓದುವ ಸ್ಥಿತಿಯಲ್ಲೇ ಇಲ್ಲದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೂ ಮಾತಾಡುತ್ತಾರೆ, ಹತ್ತಿರದಲ್ಲಿ ಯಾರನ್ನು ಕಾಣಬೇಕೆಂದು ಅಲ್ಲಿ ಕೇಳಬಹುದು. ವೈದ್ಯರನ್ನು ನೋಡಲು ಹೋಗುವಾಗ, ಓದಿದ ಪುಸ್ತಕದಲ್ಲಿ ‘ಇದು ನನ್ನದೇ’ ಎನ್ನಿಸಿದ ನಾಲ್ಕೈದು ಸಾಲುಗಳ ಕೆಳಗೆ ಗೆರೆ ಎಳೆದುಕೊಂಡು, ಅವುಗಳ ಪಕ್ಕದಲ್ಲಿ ನಿಮ್ಮ ಮನೆಯ ಅಥವಾ ಕಚೇರಿಯ ಒಂದೊಂದು ಉದಾಹರಣೆ ಬರೆದು ಒಯ್ಯಿರಿ. ಚಿಕ್ಕಂದಿನ ಶಾಲೆಯ ಪ್ರಗತಿಪತ್ರಗಳು ಉಳಿದಿದ್ದರೆ ಅವನ್ನೂ ಜೊತೆಗಿಟ್ಟುಕೊಳ್ಳಿ, ಶಿಕ್ಷಕರು ಅದರಲ್ಲಿ ಬರೆದ ಒಂದು ಸಾಲಿನ ಷರಾ ಎಷ್ಟೋ ಸಲ ವೈದ್ಯರು ಹುಡುಕುತ್ತಿರುವ ಮಾಹಿತಿಯೇ ಆಗಿರುತ್ತದೆ.